ಗರಸು ಆರಿಸಿದ ಹೊಲ

ನಮ್ಮೂರಿನ ಹೊಲದಲ್ಲಿ ನಾಯಿಗೆ ಎಸೆಯಬೇಕೆಂದರೂ ಒಂದು ಕಲ್ಲು ಸಿಗುವುದಿಲ್ಲ. ಕಲಬುರ್ಗಿ ಕಡೆಯ ಎರಿ ಭೂಮಿ ಅದು. ಆಳೆತ್ತರ ಅಗೆದರೂ ಕಪ್ಪು ಮಣ್ಣೇ. ಅಲ್ಲಿ ಹುಟ್ಟಿದವರ ಲೆಕ್ಕದಲ್ಲಿ ಮಣ್ಣು ಎಂದರೆ ಮಳೆಗಾಲದಲ್ಲಿ ಕಾಲಿಗೆ ಅಂಟಬೇಕು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯಬೇಕು. ಕಲ್ಲಿರುವ ಮಡ್ಡಿ ಹೊಲದವರ ಮನೆಗೆ ಹೆಣ್ಣು ಕೊಡಲಿಕ್ಕೂ ನಮ್ಮ ಹಿರಿಯರು ಹಿಂದೆ ಮುಂದೆ ನೋಡುತ್ತಿದ್ದರು. ನಮ್ಮಣ್ಣ ಅಂಥ ಊರಿನಿಂದ ಹೈದರಾಬಾದಿಗೆ ಬಂದು, ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇಥ್ ಮಷೀನಿನ ಮುಂದೆ ನಿಂತು ತಲೆ ಬೆಳ್ಳಗೆ ಮಾಡಿಕೊಂಡ. ತೆಲುಗು ಕಲಿತ, ಹಿಂದಿ ಕಲಿತ, ಬಿರಿಯಾನಿಯ ಬಗ್ಗೆ ಜಗಳವಾಡುವುದನ್ನೂ ಕಲಿತ. ಆದರೆ ಅವನ ತಲೆಯೊಳಗಿನ ಹೊಲ ಮಾತ್ರ ಕಪ್ಪಗೇ ಉಳಿದಿತ್ತು.

ನಾನು ಅವನ ತಂಗಿ. ಇದೇ ಹೈದರಾಬಾದಿನ ಒಂದು ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಏನು ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮಣ್ಣು ಸೋಸುತ್ತೇನೆ ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ನಿಜವಾಗಿಯೂ ಮೊದಲ ಕೆಲಸ ಅದೇ. ಬಂದ ಮಣ್ಣನ್ನು ನೆರಳಲ್ಲಿ ಒಣಗಿಸಿ, ಹೆಂಟೆಗಳನ್ನು ಮರದ ಕೊಡತಿಯಿಂದ ಒಡೆದು, ಎರಡು ಮಿಲಿಮೀಟರಿನ ಜರಡಿಯಲ್ಲಿ ಹಾಯಿಸುತ್ತೇವೆ. ಪುಸ್ತಕದ ಪ್ರಕಾರ ಕೆಳಗೆ ಇಳಿದದ್ದು ಮಣ್ಣು, ಮೇಲೆ ಉಳಿದದ್ದು ಕಲ್ಲು. ಕಲ್ಲನ್ನು ತೂಗಿ, ಎಷ್ಟೆಂದು ಬರೆದು, ಹಿತ್ತಲಿಗೆ ಸುರಿಯುತ್ತೇವೆ. ಮುಂದಿನ ಪರೀಕ್ಷೆಯೆಲ್ಲ ಇಳಿದ ಮಣ್ಣಿನದೇ. ನಮ್ಮ ಹಿತ್ತಲಿನಲ್ಲಿ ಅರ್ಧ ತೆಲಂಗಾಣದ ಗರಸು ಬಿದ್ದಿದೆ ಎಂದು ನಾನು ತಮಾಷೆ ಮಾಡುವುದುಂಟು.

ಅಣ್ಣನಿಗೆ ನಿವೃತ್ತಿಯಾದಾಗ ಒಂದೇ ಒಂದು ಆಸೆ ಇತ್ತು: ಒಂದು ಆಕಳು ಕಟ್ಟಬೇಕು. ಹುಡುಗನಾಗಿದ್ದಾಗ ದನದ ಕೊಟ್ಟಿಗೆಯಲ್ಲೇ ಮಲಗುತ್ತಿದ್ದವನು ಅವನು. ಬಾಲಾನಗರದ ಎರಡು ಕೋಣೆಯ ಮನೆಯಲ್ಲಿ ಬೆಕ್ಕು ಸಾಕಲಿಕ್ಕೂ ಜಾಗವಿರಲಿಲ್ಲ, ಆದರೂ ಆ ಆಸೆ ಹೋಗಲಿಲ್ಲ. ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ತವರು ಬೀದರ ಜಿಲ್ಲೆಯಲ್ಲಿ ಭಾಲ್ಕಿಯ ಕಡೆ. ಅಲ್ಲಿ ಅವಳ ತಮ್ಮನ ಮನೆಯಲ್ಲಿ ದೇವಣಿ ತಳಿಯ ಒಂದು ಹೆಣ್ಣು ಕರು ಇತ್ತು. ಬಿಳಿ ಮೈ, ಕಪ್ಪು ಮುಖ, ಜೋತ ಕಿವಿ. ಅದನ್ನು ಅಣ್ಣ ತನ್ನದೆಂದು ಗುರುತು ಮಾಡಿ ಇಟ್ಟಿದ್ದ. ತಮ್ಮ ವಾರಕ್ಕೊಮ್ಮೆ ವಾಟ್ಸಾಪಿನಲ್ಲಿ ಅದರ ವಿಡಿಯೊ ಕಳಿಸುತ್ತಿದ್ದ, ಅಣ್ಣ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಮೊಮ್ಮಕ್ಕಳ ವಿಡಿಯೊ ತೋರಿಸುವ ಮುದುಕರೇ ಇವನಿಗಿಂತ ವಾಸಿ ಎಂದು ನನಗೆ ಅನ್ನಿಸುತ್ತಿತ್ತು.

ವೈನಿ ಮಾತ್ರ ಒಂದು ಕರಾರು ಹಾಕಿದಳು.

"ಕೊಂಡ ಮೇವು ತಿನ್ನೋ ಆಕಳ ನಮಗ ಬ್ಯಾಡ್ರಿ. ನಮ್ಮ ತವರಾಗ ಅವು ಹೊಲದ ಹುಲ್ಲು ತಿಂದು ಬೆಳದಾವ. ನಿಮ್ಮ ಸ್ವಂತ ನೆಲದಾಗ ಹುಲ್ಲು ಬರಲಿ, ಆಮ್ಯಾಲೆ ತರೂಣು. ಇಲ್ಲಂದ್ರ ಬ್ಯಾಡ."

ಅಣ್ಣ ಒಪ್ಪಿದ. ಅವನ ಆಕಳು ಬರುವುದೋ ಬಿಡುವುದೋ ಎಂಬುದು ಆ ದಿನದಿಂದ ಹುಲ್ಲಿನ ಮೇಲೆ ನಿಂತಿತು.

ಮಹಬೂಬನಗರದ ದಾರಿಯಲ್ಲಿ ಒಂದು ಜಾಗ ನೋಡಿ ಬಂದು ಒಂದು ಚೀಲ ಮಣ್ಣು ತಂದು ನನ್ನ ಮುಂದೆ ಇಟ್ಟ. ಗುಡ್ಡದ ಬುಡದ ಜಾಗ ಎಂದು ಹೇಳಲಿಲ್ಲ, ಮೇಜಿನ ತುಂಬ ಕೆಲಸ ಇಟ್ಟುಕೊಂಡಿದ್ದ ನಾನೂ ಕೇಳಲಿಲ್ಲ. ಜರಡಿಗೆ ಹಾಕಿದರೆ ಎಲ್ಲವೂ ಇಳಿಯಿತು, ಮೇಲೆ ಒಂದು ಹರಳೂ ಉಳಿಯಲಿಲ್ಲ. ಕೆಂಪು ಮಿಶ್ರಿತ ಕಂದು ಬಣ್ಣ, ಮರಳು ಹೆಚ್ಚು, ಜಿಗುಟು ಕಡಿಮೆ, ಉಪ್ಪಿನ ಕಾಟವಿಲ್ಲ. ಹುಲ್ಲಿಗೆ ಅಡ್ಡಿಯಿಲ್ಲ ಎಂದೆ. ಅವನು ಆ ಜಾಗ ಕೊಂಡೇಬಿಟ್ಟ.

ದಸರೆಯ ರಜೆಯಲ್ಲಿ ನೋಡಲು ಹೋದೆ. ದಾರಿಯುದ್ದಕ್ಕೂ ಫಾರ್ಮ್‌ಹೌಸ್ ಲೇಔಟುಗಳ ಬೋರ್ಡುಗಳು, ಅವು ಮುಗಿದ ಮೇಲೆ ಬೋಳು ಗುಡ್ಡಗಳು. ಒಂದು ಗುಡ್ಡದ ಬುಡದಲ್ಲಿ ಊರಿನ ಗಾಯರಾಣ, ಅಂದರೆ ಎಲ್ಲರ ದನ ಕುರಿ ಮೇಯುವ ಹುಲ್ಲುಗಾವಲು. ಅದಕ್ಕೆ ಹೊಂದಿಕೊಂಡು ಅಣ್ಣನ ತುಂಡು. ಕರಡ ಹುಲ್ಲು ಮೊಣಕಾಲೆತ್ತರ ಬೆಳೆದು ಗಾಳಿಗೆ ಆಡುತ್ತಿತ್ತು. ಆದರೆ ಕಾಲಿಟ್ಟ ಕೂಡಲೇ ಚಪ್ಪಲಿಯಡಿ ಕರಕರ ಸದ್ದು. ಹುಲ್ಲಿನ ಬುಡ ಸರಿಸಿ ನೋಡಿದೆ: ಬಟಾಣಿ ಗಾತ್ರದಿಂದ ನಿಂಬೆಹಣ್ಣಿನ ಗಾತ್ರದವರೆಗೆ ಗರಸೇ ಗರಸು.

"ಅಣ್ಣಾ, ನೀ ಕೊಟ್ಟ ಚೀಲದಾಗ ಇವ ಎಲ್ಲಿದ್ದವು?"

"ಜರಡಿ ಹಿಡದು ತಗದಿದ್ದೆ."

"ಜರಡಿ ಹಿಡದು?"

"ಮತ್ತ ಗಿರಣಿಗೆ ಜ್ವಾಳ ಒಯ್ಯೋ ಮುಂದ ಹರಳು ತಗಿಯೂದಿಲ್ಲೇನು? ನಿಮ್ಮ ಆಫೀಸಿನಾಗ ನಾಕ ಮಂದಿ ಇರತಾರ. ಇಕಿ ಅಣ್ಣ ಕಲ್ಲು ತಂದಾನ ನೋಡು ಅಂತ ನಕ್ಕರ ನಿನಗ ಹೆಂಗ ಆಕ್ಕೈತಿ?"

"ನನ್ನ ಹಿಟ್ಟಿನ ಜರಡಿ ಹಾಳಾತು," ಎಂದಳು ವೈನಿ. "ಅದನ್ನ ಯಾರೂ ಕೇಳಲಿಲ್ಲ."

ನನಗೆ ಸಿಟ್ಟು ಬಂತು, ನಗುವೂ ಬಂತು. ಎರಿ ಭೂಮಿಯವರು ಮಾತ್ರ ಮಾಡಬಲ್ಲ ತಪ್ಪು ಅದು. ಮಣ್ಣು ಪರೀಕ್ಷೆಗೆ ಮಣ್ಣು ಕೊಡುವ ಮೊದಲು ಅದಕ್ಕೆ ಸ್ನಾನ ಮಾಡಿಸಿ, ತಲೆ ಬಾಚಿ ಕಳಿಸಿದ್ದ ನಮ್ಮಣ್ಣ.

ಬೇಲಿಯ ಗುಣಿಗೆಂದು ತಂದಿದ್ದ ಹಾರೆಯನ್ನು ಅಣ್ಣನ ಕೈಗೆ ಕೊಟ್ಟು ಸೊಂಟದ ಆಳದ ಒಂದು ಗುಂಡಿ ತೋಡಿಸಿದೆ. ಅಂಚು ಸವರಿ ಚೊಕ್ಕ ಮಾಡಿ ನೋಡಿದರೆ ಅಡ್ಡಪಟ್ಟಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಮೇಲೆ ಬೇರು ತುಂಬಿದ ಸಡಿಲ ಮಣ್ಣು, ಗರಸು ಸೇರಿದ್ದು. ಅದರ ಕೆಳಗೆ ಬರೀ ಕಲ್ಲಿನ ಒಂದು ಪಟ್ಟಿ. ಮತ್ತೆ ಮರಳು, ಮತ್ತೆ ಕಲ್ಲು. ಒಂದೊಂದು ಪಟ್ಟಿಯೂ ಯಾವುದೋ ಕಾಲದ ಒಂದು ದೊಡ್ಡ ಮಳೆ. ಗುಡ್ಡದ ಬಂಡೆ ಹಗಲು ಕಾದು ರಾತ್ರಿ ತಣಿದು ಹಕ್ಕಳೆ ಏಳುತ್ತದೆ, ಚೂರಾಗುತ್ತದೆ. ವರ್ಷಕ್ಕೆ ನಾಲ್ಕು ಜೋರು ಮಳೆ ಬಂದಾಗ ಹಳ್ಳ ಅದನ್ನೆಲ್ಲ ಎತ್ತಿಕೊಂಡು ಓಡುತ್ತದೆ. ಬುಡಕ್ಕೆ ಬಂದು ಇಳಿಜಾರು ಮುಗಿದಾಗ ನೀರಿನ ಶಕ್ತಿ ಕುಂದುತ್ತದೆ, ಭಾರದ್ದನ್ನು ಮೊದಲು ಬಿಡುತ್ತದೆ.

"ರಾಶಿ ತೂರಿದಂಗ," ಎಂದ ಅಣ್ಣ ಗುಂಡಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು. "ಕಾಳು ಹತ್ರ ಬೀಳತೈತಿ, ಹೊಟ್ಟು ದೂರ ಹೋಗತೈತಿ."

ಅಷ್ಟೇ ಅದು. ಗಾಳಿಯ ಬದಲು ನೀರು. ನಮ್ಮ ಎರಿಯಂಥ ನಯ ಮಣ್ಣು ಕೆಳಗಿನ ಕೆರೆಗೆ ಹೋಯಿತು, ಮರಳು ನಡುವೆ ನಿಂತಿತು, ಗರಸು ಇಲ್ಲಿ ಬಿತ್ತು. ಬಹಳ ದೂರ ಬಂದಿಲ್ಲವಾದ್ದರಿಂದ ಈ ಕಲ್ಲುಗಳು ಹೊಳೆಯ ಕಲ್ಲಿನ ಹಾಗೆ ಪೂರ್ತಿ ದುಂಡಗಾಗಿಲ್ಲ, ಅಂಚು ಮಾತ್ರ ಮೊಂಡಾಗಿದೆ. ಒಂದನ್ನು ಕಿತ್ತು ತಿರುವಿ ತೋರಿಸಿದೆ. ಅಡಿಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಮಳೆ ಕಡಿಮೆಯಿರುವ ಕಡೆ ನೀರು ಸುಣ್ಣವನ್ನು ಕರಗಿಸಿಕೊಂಡು ಸ್ವಲ್ಪ ಇಳಿಯುತ್ತದೆ, ಕಲ್ಲಿನ ಅಡಿಗೆ ಬಂದು ಆರಿಹೋಗುತ್ತದೆ, ಸುಣ್ಣ ಅಲ್ಲೇ ಅಂಟಿಕೊಳ್ಳುತ್ತದೆ. ಇಷ್ಟು ಅಂಟಬೇಕಾದರೆ ಎಷ್ಟೋ ತಲೆಮಾರು ಬೇಕು. ಈ ಬಿಳುಪು ಕಂಡರೆ ನನಗೆ ಇಂದಿಗೂ ಖುಷಿಯಾಗುತ್ತದೆ, ಯಾಕೆಂದು ಕೇಳಬೇಡಿ.

"ಇದು ಜ್ವಾಳಕ್ಕ ಬರೂದಿಲ್ಲ," ಎಂದೆ. "ಹುಲ್ಲಿಗೆ ಭಾಳ ಚಲೋ ಐತಿ. ಎರಿ ಮ್ಯಾಲ ಸಣ್ಣ ಮಳಿ ಆದ್ರ ಮ್ಯಾಲಿನ ಎರಡ ಬೊಟ್ಟು ನೆಂದು ಮರುದಿನ ಆರಿ ಹೋಗತೈತಿ. ಇಲ್ಲಿ ಅದ ಮಳಿ ಕಲ್ಲಿನ ಸಂದ್ಯಾಗ ಕೆಳಗ ಇಳದು ಬೇರಿಗೆ ಮುಟ್ಟತೈತಿ. ಮ್ಯಾಲಿನ ಕಲ್ಲು ಕೊಡಿ ಹಿಡದಂಗ ಇರತಾವ. ಬಿಸಲಿಗೆ ಮಣ್ಣು ಆರಾಕ ಬಿಡೂದಿಲ್ಲ. ಇದನ್ನ ಇದ್ದಂಗ ಬಿಡು."

ಅವನು ತಲೆಯಾಡಿಸಿದ. ಅಣ್ಣ ತಲೆಯಾಡಿಸಿದರೆ ಕೇಳಿಸಿಕೊಂಡ ಎಂದು ಅರ್ಥವಲ್ಲ, ಊಟಕ್ಕೆ ಹೊತ್ತಾಯಿತು ಎಂದು ಅರ್ಥ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನು ಯಾರೋ ತಂಗಿಯರೇ ಕಟ್ಟಿರಬೇಕು.

ಯುಗಾದಿ ಕಳೆದು ಬಿಸಿಲು ಏರಿದ ಮೇಲೆ ಅಣ್ಣನ ಫೋನು ಬಂತು. "ಒಂದ ಸಲ ಬಂದು ನೋಡು, ಗುರ್ತ ಹಿಡಿಯೂದಿಲ್ಲ ನೀ." ಹೋದೆ, ಗುರುತು ಹಿಡಿಯಲಿಲ್ಲ. ಟ್ರ್ಯಾಕ್ಟರಿನಿಂದ ನೆಲ ಕೆದರಿಸಿ, ಯಾದಗಿರಿ ಕಡೆಯಿಂದ ಕೂಲಿಗೆ ಬಂದ ಹೆಣ್ಣುಮಕ್ಕಳನ್ನು ಹಚ್ಚಿ, ಕಲ್ಲನ್ನೆಲ್ಲ ಆರಿಸಿಬಿಟ್ಟಿದ್ದ. ಅವರೂ ಎರಿ ನೆಲದವರೇ, ಅಕ್ಕಿ ಹಸನು ಮಾಡಿದಷ್ಟು ಮುತುವರ್ಜಿಯಿಂದ ಮಾಡಿದ್ದರು. ಆರಿಸಿದ ಗರಸನ್ನು ಪಕ್ಕದ ಲೇಔಟಿನವರು ತಮ್ಮ ರಸ್ತೆಗೆ ಬೇಕೆಂದು ತಾವೇ ಗಾಡಿ ತಂದು ಹೊತ್ತೊಯ್ದಿದ್ದರು. ಹೊಲದ ನಡುವೆ ಅಣ್ಣ ಮದುಮಗನ ಹಾಗೆ ನಿಂತಿದ್ದ. ಬುಡ ಕಿತ್ತ ಕರಡ ಹುಲ್ಲಿನ ಗಡ್ಡೆಗಳು ಬದುವಿನಲ್ಲಿ ಒಣಗುತ್ತ ಬಿದ್ದಿದ್ದವು. ಅವನು ಮುಟ್ಟದೆ ಬಿಟ್ಟಿದ್ದು ಒಂದೇ, ಬೇಲಿ ಮೂಲೆಯ ಜಾಲಿ ಮರದ ಕೆಳಗಿನ ಅಂಗೈಯಗಲದ ಜಾಗ, ಅಲ್ಲಿ ಮುಳ್ಳಿತ್ತು.

"ಆಕಳ ಗೊರಸಿಗೆ ಕಲ್ಲು ಚುಚ್ಚಬಾರದಲ್ಲ," ಎಂದ. "ನೆಲ ಹೆಂಗ ಆಗೈತಿ ನೋಡು. ನಮ್ಮೂರ ಹೊಲದಂಗ ಆಗೇತಿಲ್ಲೋ?"

"ಇದ್ದಂಗ ಬಿಡು ಅಂದಿದ್ದೆ ನಿನಗ."

"ನೀ ಮರ್ಯಾದಿಗೆ ಅಂದಿ ಅಂತ ತಿಳಕೊಂಡೆ. ಕಲ್ಲು ಇದ್ದರ ಇರಲಿ ಅಂತ ಯಾರರೆ ಖರೇನ ಅಂತಾರೇನು?"

ನಾನು ಬೈದೆ. ವೈನಿಯ ಮುಂದೆಯೇ, ಕೂಲಿಯವರ ಮುಂದೆಯೇ ಬೈದೆ. ಹೊದಿಕೆ ಕಿತ್ತು ಬಿಸಾಕಿದ್ದೀ, ಮೊದಲ ಮಳೆಗೆ ನೋಡು ಎಂದೆ. ಅವನು ಮುಖ ತಿರುಗಿಸಿದ. ಊಟ ಮಾಡದೆ ಬಸ್ಸು ಹತ್ತಿ ಬಂದೆ.

ಮುಂಗಾರಿನ ಮೊದಲ ಮಿರಗದ ಮಳೆ ಆ ವರ್ಷ ಚೆನ್ನಾಗಿಯೇ ಬಂತು, ಅದೇ ತೊಂದರೆಯಾಯಿತು. ಬರಿ ಮಣ್ಣಿನ ಮೇಲೆ ದಪ್ಪ ಹನಿ ಬಿದ್ದು ಬಿದ್ದು ನಯವಾದ ಕಣಗಳು ಎದ್ದು ರಂಧ್ರಗಳಲ್ಲಿ ಕೂತವು. ಬಿಸಿಲು ಬಿದ್ದ ಮೇಲೆ ಮೇಲ್ಪದರ ಒಣ ರೊಟ್ಟಿಯಂತೆ ಗಟ್ಟಿಯಾಯಿತು. ಮುಂದಿನ ಮಳೆಯ ನೀರು ಒಳಗೆ ಹೋಗಲು ದಾರಿ ಸಿಗದೆ ಮೇಲೆ ಮೇಲೆ ಹರಿಯಿತು, ಬೆರಳಗಲದ ಕೊರಕಲುಗಳು ಆಷಾಢದ ಹೊತ್ತಿಗೆ ಮೊಳದಗಲವಾದವು. ಅಲ್ಲೊಂದು ಇಲ್ಲೊಂದು ಹುಲ್ಲು ತಲೆಯೆತ್ತಿ ಹಳದಿಯಾಯಿತು. ಬೇಲಿಯಾಚೆ ಗಾಯರಾಣದಲ್ಲಿ, ಅದೇ ಗುಡ್ಡದ ಅದೇ ಮಳೆಗೆ, ಹುಲ್ಲು ಕುರಿಗಳ ಹೊಟ್ಟೆ ಮುಟ್ಟುತ್ತಿತ್ತು. ಈಚೆ ಜಾಲಿ ಮರದ ಕೆಳಗೆ ಮಾತ್ರ ಹಸಿರಿತ್ತು.

ನಾನು ಹೋದಾಗ ಅಣ್ಣ ಅಲ್ಲೇ ಕೂತಿದ್ದ. ಹೇಳಿದ್ದೆನಲ್ಲ ಎಂಬ ಮಾತು ಬಾಯಿಯವರೆಗೂ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ.

ಅದೇ ವಾರ ನಾವು ಮೂವರೂ ಹೊಲದಲ್ಲಿದ್ದಾಗ ವೈನಿಯ ತಮ್ಮನ ಫೋನು ಬಂತು. ದೇವಣಿ ಈಗ ಕರುವಲ್ಲ, ಮಣಕವಾಗಿ ಗಬ್ಬ ಕಟ್ಟಿತ್ತು. ಸ್ಪೀಕರಿನಲ್ಲಿ ಅವನ ಮಾತು ನಮಗೆಲ್ಲ ಕೇಳುತ್ತಿತ್ತು.

"ಮಾಮಾ, ಒಯ್ಯೂದಿದ್ರ ಈಗ ಒಯ್ರಿ. ದಿನ ತುಂಬತ ಬಂದ್ರ ಟೆಂಪೋದಾಗ ಹಾಕಾಕ ಆಗೂದಿಲ್ಲ. ಈದ ಮ್ಯಾಲ ಅಕಿ ಈ ಕೊಟಗಿ ಬಿಟ್ಟು ಹೊಂದಿಕೊಳ್ಳೂದೂ ತ್ರಾಸ ಐತಿ. ಏನಂತೀರಿ?"

ಮೊದಲು ವೈನಿಯೇ ಬಾಯಿ ತೆರೆದಳು, ಕರಾರು ಹಾಕಿದ ವೈನಿ.

"ಮೇವು ಕೊಂಡು ಹಾಕೂಣ್ರಿ. ಒಂದ ವರ್ಷ ಅಲ್ಲೇನು? ತರ್ರಿ ಅಕಿನ್ನ."

ಅಣ್ಣ ಕೊರಕಲುಗಳ ಕಡೆ ನೋಡುತ್ತಿದ್ದ. "ಬ್ಯಾಡ," ಎಂದ ಫೋನಿಗೆ. "ಅಲ್ಲಿ ಹಸರ ಮೇದಾಕಿ ಇಲ್ಲಿ ಬಂದು ಇದನ್ನ ನೋಡಬಾರದು. ಅಲ್ಲೇ ಇರಲಿ. ಅಕಿ ನಿನ್ನಾಕಿ ಅಂತ ತಿಳಕೋ."

ಫೋನು ಇಟ್ಟ ಮೇಲೆ ಎದ್ದು ಹೋಗಿ ಬೇಲಿಯ ಹತ್ತಿರ ಬೆನ್ನು ಮಾಡಿ ನಿಂತ. ಅಣ್ಣ ಅಳುವುದನ್ನು ನಾನು ನೋಡಿದ್ದು ಅಪ್ಪ ಸತ್ತಾಗ ಒಮ್ಮೆ, ಆ ದಿನ ಒಮ್ಮೆ. ನನಗೂ ಸಂಕಟವಾಯಿತು. ಇಷ್ಟು ಸಣ್ಣ ಆಸೆಯನ್ನು ಮನುಷ್ಯ ತನ್ನ ಕೈಯಾರೆ, ಅದೂ ಪ್ರೀತಿಯಿಂದಲೇ, ಹಾಳು ಮಾಡಿಕೊಂಡನಲ್ಲ. ಆ ಲೇಔಟಿನ ರಸ್ತೆಯಲ್ಲಿ ನಮ್ಮ ಗರಸು ಡಾಂಬರಿನ ಅಡಿಗೆ ಸೇರಿಹೋಗಿತ್ತು, ಕೇಳಿ ತರುವಂತೆಯೂ ಇರಲಿಲ್ಲ.

ದೀಪಾವಳಿ ಮುಗಿದ ಮೇಲೆ ಅಣ್ಣ ಹಳ್ಳದಿಂದ ಕಲ್ಲು ತರಲು ಶುರು ಮಾಡಿದ. ಯಾರಿಗೂ ಹೇಳಲಿಲ್ಲ. ವೈನಿ ಫೋನು ಮಾಡಿ ತಿಳಿಸಿದಳು: "ನಿಮ್ಮಣ್ಣಗ ತಲಿ ಕೆಟ್ಟೈತಿ. ಮಂದಿ ಹೊಲದಾಗಿನ ಕಲ್ಲು ಹೊರಗ ಒಯ್ತಾರ, ಇವರು ಹೊರಗಿನ ಕಲ್ಲು ಹೊಲಕ್ಕ ತರಾಕತ್ತಾರ." ಭಾನುವಾರ ನಾನೂ ಹೋದೆ. ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು, ಬುಟ್ಟಿಯಲ್ಲಿ ಗರಸು ಹೊತ್ತು ತಂದು, ಜಾಲಿ ಮರದಿಂದ ಹಿಡಿದು ಇಳಿಜಾರಿಗೆ ಅಡ್ಡವಾಗಿ ಒಂದು ಪಟ್ಟಿಯಂತೆ ಹರಡುತ್ತಿದ್ದ. ಲೇಥಿನ ಕೆಲಸಗಾರ, ಒಂದೊಂದನ್ನೂ ಒತ್ತಿ ಒತ್ತಿ ಕೂರಿಸುತ್ತಿದ್ದ.

"ಹಂಗ ಒಗದರೂ ನಡಿತೈತಿ," ಎಂದೆ.

"ಹಂಗ ಒಗದು ನಿಮ್ಮ ಹಳ್ಳಕ್ಕ ರೂಢಿ ಐತಿ. ನನಗಿಲ್ಲ." ಒಂದು ಕಲ್ಲನ್ನು ತಿರುವಿ ನೋಡಿದ. "ಇದರ ಅಡಿಗೆ ಆ ಬಿಳಿ ಸುಣ್ಣ ಇಲ್ಲಲ್ಲ?"

"ಇವು ಹೊಸವು. ಇನ್ನ ಹತ್ತಬೇಕು."

"ಯಾವಾಗ ಹತ್ತತೈತಿ?"

"ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಕಾಣೂದಿಲ್ಲ."

"ಹಂಗಾರ ಅದಕ್ಕ ಕಾಯೂದು ಬ್ಯಾಡ. ಆ ಬುಟ್ಟಿ ಹಿಡಿ."

ಹಿಡಿದೆ. ಆ ಚಳಿಗಾಲದಲ್ಲಿ ಬಿಡುವಿದ್ದ ಭಾನುವಾರಗಳನ್ನೆಲ್ಲ ಅಲ್ಲೇ ಕಳೆದೆ. ಪ್ರಯೋಗಾಲಯದಲ್ಲಿ ಜರಡಿಯ ಮೇಲೆ ಉಳಿದದ್ದನ್ನು ಎಸೆದು ಎಸೆದು ರೂಢಿಯಾದ ಕೈ ನನ್ನದು, ಅಲ್ಲಿ ಅದನ್ನೇ ಹೊತ್ತು ತಂದು ಹಾಸುತ್ತಿದ್ದೆ. ಸೊಂಟ ನೋಯುತ್ತಿತ್ತು, ರಾತ್ರಿ ಒಳ್ಳೆಯ ನಿದ್ದೆ ಬರುತ್ತಿತ್ತು. ನಡುವೆ ದೇವಣಿ ಈದ ಸುದ್ದಿ ಬಂತು, ಹೆಣ್ಣು ಕರು. ಅಣ್ಣ ವಿಡಿಯೊ ನೋಡಿದ, ಆದರೆ ಯಾರಿಗೂ ತೋರಿಸಲಿಲ್ಲ.

ಮರುವರ್ಷದ ಮಳೆಗೆ ಗಾಯರಾಣದಿಂದ ಹಾರಿ ಬಂದ ಕರಡದ ಬೀಜ ಬರಿ ನೆಲದ ಮೇಲೆ ಜಾರಿ ಹೋಗಿ ಕಲ್ಲಿನ ಸಂದಿಗಳಲ್ಲಿ ಸಿಕ್ಕಿಕೊಂಡವು. ಅಲ್ಲಿ ಹನಿ ನೇರ ಬಡಿಯುವುದಿಲ್ಲ, ಹರಿದು ಬಂದ ನೀರೂ ಒಂದಿಷ್ಟು ನಿಲ್ಲುತ್ತದೆ. ಆ ಪಟ್ಟಿಯಷ್ಟೇ ಹಸಿರಾಯಿತು. ಉಳಿದ ನೆಲಕ್ಕೆ ಇನ್ನೂ ವರ್ಷಗಳು ಬೇಕು, ಅಷ್ಟು ವರ್ಷ ಅಣ್ಣನ ಮೊಣಕಾಲು ಒಪ್ಪುತ್ತದೆಯೋ ಇಲ್ಲವೋ. ಒಂದು ಆಕಳಿಗೆ ಒಂದು ವಾರಕ್ಕೂ ಸಾಲುವ ಹುಲ್ಲಲ್ಲ ಅದು. ಅದು ಮೂವರಿಗೂ ಗೊತ್ತಿತ್ತು.

ತೆನೆ ಬಲಿಯುವ ಮೊದಲು ವೈನಿ ಕುಡಗೋಲು ತೆಗೆದುಕೊಂಡು ಕೂತು ಅದನ್ನೆಲ್ಲ ಕೊಯ್ದಳು. ಒಂದು ಹೊರೆಯಾಯಿತು. ಅಣ್ಣ ಹೊರೆಯನ್ನು ಹಳೆಯ ಸೀರೆಯಲ್ಲಿ ಕಟ್ಟಿ ನಾಂಪಲ್ಲಿ ಸ್ಟೇಷನ್ನಿಗೆ ಹೊತ್ತು ತಂದ. ಬೀದರ ಗಾಡಿ ಹತ್ತಿಸಲು ನಾನೂ ಹೋಗಿದ್ದೆ. ಜನ ದಾರಿ ಬಿಟ್ಟು ನಿಂತು ನೋಡುತ್ತಿದ್ದರು. ಒಬ್ಬರು ಹಿಂದಿಯಲ್ಲಿ ಏನು ವ್ಯಾಪಾರ ಎಂದು ಕೇಳಿದರು. "ವ್ಯಾಪಾರ ಅಲ್ಲ ಸಾಬ್, ಬೀಗರ ಮನೆಗೆ ಹೊಂಟೀನಿ," ಎಂದು ಕನ್ನಡದಲ್ಲೇ ಹೇಳಿ ಹೊರೆಯನ್ನು ಸೀಟಿನ ಕೆಳಗೆ ತುರುಕಿದ.

ಮರುದಿನ ಮಧ್ಯಾಹ್ನ ಕೆಲಸದ ನಡುವೆ ಅವನ ಫೋನು ಬಂತು. ನಾನೇ ಕೇಳಿದೆ: "ತಿಂದ್ಳೇನು?"

"ತಿಂದ್ಳು. ಒಂದ ಕಡ್ಡಿ ಬಿಡಲಿಲ್ಲ ನೋಡು. ಕರುನೂ ಬಾಯಿ ಹಾಕ್ತು."

"ಚಲೋ ಆತು."

ಆ ಕಡೆ ಒಂದು ಕೊರಳ ಗಂಟೆ ಅಲುಗಿದ್ದು ಕೇಳಿಸಿತು.

"ತಿಂದು ಮುಗಿಸಿ ನನ್ನ ಕೈ ಮೂಸಿದ್ಳು ತಂಗಿ, ಇನ್ನೂ ಐತೇನು ಅಂತ," ಎಂದ. "ಇರಲಿಲ್ಲ."